ಬಂಡೆ ಹತ್ತುವವರ ಭಾನುವಾರ

ಭಾನುವಾರ ಬೆಳಿಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಹಗ್ಗದ ಚೀಲ ಹೊತ್ತು ರಾಮನಗರದ ಬಂಡೆಗಳತ್ತ ಹೊರಡುವ ಗುಂಪುಗಳನ್ನು ನೋಡಿದ್ದೀರಾ? ಹೌದು, ‘ಶೋಲೆ’ ಚಿತ್ರೀಕರಣವಾದ ಊರೇ.

ಎಲ್ಲರ ಕಣ್ಣೂ ಹತ್ತುವವರ ಮೇಲೆ. ಅಸಲಿ ಕೆಲಸ ಮಾತ್ರ ಕೆಳಗೆ ನಿಂತವರದು. ಅದಕ್ಕೆ ಬಿಲೇ ಅಂತಾರೆ. ಸೊಂಟದ ಹಾರ್ನೆಸ್‌ಗೆ ಸಿಕ್ಕಿಸಿದ ಸಾಧನದೊಳಗೆ ಹಗ್ಗ ಹಾದುಹೋಗುತ್ತೆ. ಮೇಲಿನವರು ಜಾರಿದರೆ, ಕೆಳಗಿನವರು ಹಗ್ಗವನ್ನು ಕೆಳಕ್ಕೆಳೆದು ಬಿಗಿಹಿಡೀತಾರೆ. ಆ ಕೈ ಹಗ್ಗ ಬಿಡುವಂತೇ ಇಲ್ಲ, ಸೊಳ್ಳೆ ಕಚ್ಚಿದರೂ!

ಹತ್ತುವ ಮುನ್ನ ಒಬ್ಬರದನ್ನು ಇನ್ನೊಬ್ಬರು ನೋಡಲೇಬೇಕು: ಎಂಟರ ಆಕಾರದ ಗಂಟು, ಬಕಲ್, ಲಾಕ್. ಹಳಬರಿಗೂ ರಿಯಾಯಿತಿ ಇಲ್ಲ.

ರಾಮನಗರದಲ್ಲೇ ಇರುವ ರಾಮದೇವರ ಬೆಟ್ಟ ಮಾತ್ರ 2012ರಿಂದ ರಣಹದ್ದುಗಳ ಧಾಮ. ಅಲ್ಲಿನ ಬಂಡೆಗಳನ್ನು ಅವುಗಳ ಪಾಡಿಗೆ ಬಿಡಿ.

ಕಲಿಯುವ ಆಸೆಯಿದ್ದರೆ ಪಳಗಿದವರ ಜೊತೆಗೇ ಹೋಗಿ. ಮೊದಲು ಬಿಲೇ ಕಲಿಯಿರಿ, ಆಮೇಲೆ ಬಂಡೆ ಹತ್ತಿ.