ಐದು ವರ್ಷದ ಸೊಸೆ, ದೇಶದ ಪ್ರಥಮ ಮಹಿಳೆ

ಮೊನ್ನೆ ಮಧ್ಯಾಹ್ನ ಜಗಲಿಯಲ್ಲಿ ಕೊಬ್ಬರಿ ಹೆಚ್ಚುತ್ತಾ ಕೂತಿದ್ದೆ. ಪಕ್ಕದಲ್ಲಿ ಮಗಳು ರಾಷ್ಟ್ರಪತಿಗಳ ಹೆಸರು ಬಾಯಿಪಾಠ ಮಾಡುತ್ತಿದ್ದಳು. ಬಿ.ಡಿ. ಜತ್ತಿಯವರ ಹೆಸರು ಬಂದಾಗ, "ಇವರು ನಮ್ಮ ಕನ್ನಡದವರಲ್ವೇನಮ್ಮಾ? ಇವರ ಹೆಂಡತಿ ಯಾರು?" ಅಂದಳು. ಒಳ್ಳೇ ಪ್ರಶ್ನೆಯೇ!

ಅವರು ಶ್ರೀಮತಿ ಸಂಗಮ್ಮನವರು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಜುಲೈ 25ಕ್ಕೆ ನೀಲಂ ಸಂಜೀವ ರೆಡ್ಡಿಯವರು ಬರುವವರೆಗೂ, ಐದು ತಿಂಗಳಿಗೂ ಮಿಗಿಲಾಗಿ, ದೇಶದ ಪ್ರಥಮ ಮಹಿಳೆ ನಮ್ಮ ಸಂಗಮ್ಮನವರೇ.

ಜತ್ತಿಯವರದು ಜಮಖಂಡಿ ತಾಲ್ಲೂಕಿನ ಸಾವಳಗಿ. ತಂದೆಗೆ ಸಣ್ಣ ಕಿರಾಣಿ ವ್ಯಾಪಾರ. ಆ ಮನೆಗೆ ಸಂಗಮ್ಮ ಸೊಸೆಯಾಗಿದ್ದು 1922ರಲ್ಲಿ. ಆಗ ಆಕೆಗೆ ವಯಸ್ಸೆಷ್ಟು ಅಂತೀರಿ? ಐದು! ಗಂಡನೂ ಹತ್ತರ ಆಸುಪಾಸಿನ ಹುಡುಗ.

ಕೇಳಿ ನಮ್ಮತ್ತೆ ಗಲ್ಲದ ಮೇಲೆ ಕೈಯಿಟ್ಟುಕೊಂಡರು. "ನಮ್ಮ ಕಡೇನೂ ಮಾಡ್ತಿದ್ರು ಬಿಡೇ" ಅಂದರು. ಮಾಡ್ತಿದ್ರು, ನಿಜ. ಆದರೆ ನಮ್ಮ ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆ ಮಾಡಬಾರದೆಂದು ಕಾನೂನಾಗಿತ್ತು. ಜಮಖಂಡಿ ಬೇರೆ ಸಂಸ್ಥಾನ. ನಮ್ಮಜ್ಜಿಗೆ ಮದುವೆಯಾದಾಗ ಒಂಬತ್ತು. ಕಾನೂನಿನ ಲೆಕ್ಕಕ್ಕೆ ಸರಿಹೋಯಿತು, ಮಗುವಿನ ಲೆಕ್ಕಕ್ಕೆ? ಅತ್ತೆ ಮನೆಗೆ ಬಂದ ಮರುದಿನವೇ ಆಟಕ್ಕೆ ಕರಟ ಬೇಕೂಂತ ಅಜ್ಜಿ ಅತ್ತಿದ್ದರಂತೆ.

ಮುಂದೆ ಜತ್ತಿಯವರು ಕೊಲ್ಲಾಪುರದಲ್ಲಿ ಓದಿ, ಜಮಖಂಡಿಯಲ್ಲಿ ವಕೀಲರಾದರು. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ. 1968ರಲ್ಲಿ ಪಾಂಡಿಚೇರಿಗೆ ಲೆಫ್ಟಿನೆಂಟ್ ಗವರ್ನರ್, 1972ರಲ್ಲಿ ಒರಿಸ್ಸಾಕ್ಕೆ ರಾಜ್ಯಪಾಲರು, 1974ರಲ್ಲಿ ಉಪರಾಷ್ಟ್ರಪತಿ. ಓದುವಾಗ ಇವೆಲ್ಲ ಬರೀ ಹುದ್ದೆಗಳು. ಮನೆಯಾಕೆಯ ಕಡೆಯಿಂದ ನೋಡಿ: ಒಂದು ಕಡೆ ತಮಿಳು, ಇನ್ನೊಂದು ಕಡೆ ಒರಿಯಾ, ಆಮೇಲೆ ದಿಲ್ಲಿಯ ಹಿಂದಿ. ಹುಳಿಯಾರಿನಿಂದ ತಿಪಟೂರಿಗೆ ಮನೆ ಬದಲಾಯಿಸಿದರೇ ನಮಗೆ ಹಾಲಿನವನಿಂದ ಹಿಡಿದು ಎಲ್ಲಾ ಹೊಸದು!

ಅವರಿಗಿಂತ ಮೊದಲು ಆ ಸ್ಥಾನದಲ್ಲಿದ್ದ ಬೇಗಂ ಆಬಿದಾ ಅಹಮದ್ ಅಲಿಗಢದಲ್ಲಿ ಓದಿದವರು, ಆಮೇಲೆ ಲೋಕಸಭೆಗೂ ಆರಿಸಿ ಬಂದರು. ನಮ್ಮ ಸಂಗಮ್ಮನವರಿಗೆ ಸ್ಲೇಟು ಹಿಡಿಯುವ ವಯಸ್ಸಿನಲ್ಲೇ ಕೊರಳಿಗೆ ತಾಳಿ ಬಿದ್ದಿತ್ತು. ಅವರು ಪ್ರಥಮ ಮಹಿಳೆಯಾಗಿದ್ದ 1977ರಲ್ಲೂ ಹುಡುಗಿಯ ಮದುವೆಗೆ ಕಾನೂನು ಕೇಳುತ್ತಿದ್ದುದು ಹದಿನೈದು ವರ್ಷ ಮಾತ್ರ. ಹದಿನೆಂಟು ಆಗಿದ್ದು ಮರುವರ್ಷ, 1978ರಲ್ಲಿ.

ಇದನ್ನೆಲ್ಲ ಈಗ ಯಾಕೆ ಹೇಳ್ತಿದ್ದೀನಿ ಅಂದರೆ, ನನ್ನ ಮಗಳಿಗೀಗ ಹದಿನಾರು. ಹೋದ ತಿಂಗಳು ನೆಂಟರೊಬ್ಬರು ಬಂದು, "ಹುಡುಗನಿಗೆ ನಾಲ್ಕೆಕರೆ ತೆಂಗಿನ ತೋಟವಿದೆ, ಮಾತು ಆಡಿಟ್ಟುಕೊಳ್ಳೋಣ, ಓದಿ ಏನಾಗಬೇಕು" ಅಂದರು. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವಳು ನಾನು. ಆವತ್ತು ಬಾಯಿ ಬರಲಿಲ್ಲ, ಸುಮ್ಮನಿದ್ದೆ. ಮೊನ್ನೆ ಅವರೇ ಮತ್ತೆ ಬಂದರು. "ಅವಳು ಪಿ.ಯು.ಸಿ. ಮುಗಿಸಲಿ, ಡಿಗ್ರಿಯೂ ಆಗಲಿ, ಆಮೇಲೆ ಅವಳನ್ನೇ ಕೇಳಿ" ಅಂದೆ. ಅತ್ತೆ ಏನೂ ಅನ್ನಲಿಲ್ಲ. ಒಳಗೆ ಹೋಗಿ ಅವರಿಗೆ ಕಾಫಿ ತಂದುಕೊಟ್ಟರು.