ಮುಕ್ತ ತಂತ್ರಾಂಶಕ್ಕೆ ಕನ್ನಡ ಕೈಪಿಡಿ: ಬರೆಯುವವರು ಬೇಕಾಗಿದ್ದಾರೆ

ಪಾಂಡವಪುರ ತಾಲ್ಲೂಕಿನ ತೊಣ್ಣೂರಿನಂಥ ಊರಿನ ಮನೆಯೊಂದರಲ್ಲಿ ಲಿನಕ್ಸ್ ಅಳವಡಿಸಿದ ಹಳೆಯ ಕಂಪ್ಯೂಟರ್ ಇದೆಯೆಂದುಕೊಳ್ಳೋಣ. ಪರದೆಯ ಮೇಲೆ ‘ಕಡತ’, ‘ಉಳಿಸು’, ‘ಸಿದ್ಧತೆಗಳು’ ಎಂದು ಕನ್ನಡವೇ ಕಾಣುತ್ತದೆ. ಆದರೆ ಪ್ರಿಂಟರ್ ಕೈಕೊಟ್ಟಾಗ ‘ನೆರವು’ ಒತ್ತಿದರೆ ಇಂಗ್ಲಿಷ್ ಪುಟ ತೆರೆದುಕೊಳ್ಳಬಹುದು. ಅನುವಾದಗೊಳ್ಳದ ವಾಕ್ಯಗಳು ಮೂಲ ಭಾಷೆಯಲ್ಲಿಯೇ ಕಾಣಿಸಿಕೊಳ್ಳುವುದು ಈ ವ್ಯವಸ್ಥೆಯ ಸ್ವಭಾವ. ಇಂಗ್ಲಿಷ್ ಬಾರದ ಬಳಕೆದಾರನ ಪಾಲಿಗೆ ಕನ್ನಡದ ಕಂಪ್ಯೂಟರ್ ಅಲ್ಲಿಗೆ ನಿಂತುಹೋಗುತ್ತದೆ.

ಈ ಕೊರತೆ ಕನ್ನಡಕ್ಕಷ್ಟೇ ಸೀಮಿತವಲ್ಲ. 1991ರಲ್ಲಿ ಲಿನಕ್ಸ್ ಹುಟ್ಟಿದ ಮರುವರ್ಷವೇ ಅದರ ಕೈಪಿಡಿಗಳನ್ನು ಬರೆಯಲು ‘ಲಿನಕ್ಸ್ ಡಾಕ್ಯುಮೆಂಟೇಷನ್ ಪ್ರಾಜೆಕ್ಟ್’ ಎಂಬ ಸ್ವಯಂಸೇವಕರ ಕೂಟ ಆರಂಭವಾಯಿತು. ತಂತ್ರಾಂಶದಂತೆ ಕೈಪಿಡಿಯನ್ನೂ ಯಾರು ಬೇಕಾದರೂ ತಿದ್ದಿ ಹಂಚಲು ಅವಕಾಶ ನೀಡುವ ಗ್ನೂ ಪರವಾನಗಿ 2000ದಲ್ಲಿ ಬಂದಿತು. ಕನ್ನಡಕ್ಕೆ ಅನುವಾದಿಸಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲದಿರುವುದು ಇಂಥ ಪರವಾನಗಿಗಳಿಂದಲೇ.

ಕನ್ನಡದ ಸ್ವಯಂಸೇವಕರು ಸುಮ್ಮನೆ ಕುಳಿತವರಲ್ಲ. ಗ್ನೋಮ್, ಕೆಡಿಇ ಪರದೆಗಳಿಗೆ ಕನ್ನಡ ಬಂದಿತು. 2011ರಲ್ಲಿ ಹೊರಬಂದ ಡೆಬಿಯನ್ 6ನೇ ಆವೃತ್ತಿಯ ಚಿತ್ರಾತ್ಮಕ ಅನುಸ್ಥಾಪಕಕ್ಕೂ ಕನ್ನಡ ಸೇರಿತು. ಆದರೆ ಪರದೆಯ ಮೇಲಿನ ಪದವನ್ನು ಅನುವಾದಿಸುವುದು ಬೇರೆ, ಪುಟಗಟ್ಟಲೆ ವಿವರಣೆ ಬರೆಯುವುದು ಬೇರೆ. ಮೊದಲನೆಯದರ ಫಲ ಕೂಡಲೇ ಕಣ್ಣಿಗೆ ಬೀಳುತ್ತದೆ. ಎರಡನೆಯದನ್ನು ಯಾರೂ ಹೊಗಳುವುದಿಲ್ಲ.

ಹಾಗಾದರೆ ಸಂಬಳವಿಲ್ಲದ ಜನರನ್ನು ಈ ಕೆಲಸಕ್ಕೆ ಹಚ್ಚುವುದು ಹೇಗೆ? ಮೊದಲ ಉಪಾಯ, ಕೆಲಸವನ್ನು ಚಿಕ್ಕದಾಗಿ ಒಡೆಯುವುದು. ಗ್ನೋಮ್ ತನ್ನ ನೆರವಿನ ಪುಸ್ತಕವನ್ನು ಅಧ್ಯಾಯಗಳ ಬದಲು ಒಂದೊಂದು ಪ್ರಶ್ನೆಗೆ ಒಂದೊಂದು ಪುಟ ಎಂಬಂತೆ ಹೊಂದಿಸಿಕೊಂಡಿದೆ. ಇಡೀ ಪುಸ್ತಕ ಎಂದರೆ ಹಿಂಜರಿಯುವವರು ಒಂದು ಪುಟ ಎಂದರೆ ಒಪ್ಪುತ್ತಾರೆ.

ಎರಡನೆಯದು ಪದಗಳ ಒಪ್ಪಂದ. ಪಾಸ್‌ವರ್ಡ್‌ಗೆ ಒಬ್ಬರು ‘ಗುಪ್ತಪದ’ ಎಂದು ಬರೆದು ಇನ್ನೊಬ್ಬರು ‘ಪ್ರವೇಶಪದ’ ಎಂದರೆ, ಅವೆರಡೂ ಒಂದೇ ಎಂದು ಓದುಗನಿಗೆ ತಿಳಿಯುವುದಾದರೂ ಹೇಗೆ? ಪದೇ ಪದೇ ಬಳಕೆಯಾಗುವ ಪದಗಳನ್ನು ಪಟ್ಟಿ ಮಾಡಿ, ಭಾಷಾ ಸಮುದಾಯ ಕೂಡಿ ಕುಳಿತು ನಿರ್ಧರಿಸಲೆಂದು 2008ರಲ್ಲಿ ‘ಫ್ಯುಯೆಲ್’ ಯೋಜನೆ ಆರಂಭವಾಯಿತು. ಕನ್ನಡದ ಪಟ್ಟಿಯೂ ಅದರಲ್ಲಿದೆ. ಪಂಡಿತರ ಪದವೋ ಬಳಕೆಯ ಪದವೋ ಎಂಬ ಜಗಳ ಮಾತ್ರ ಯಾವ ಪಟ್ಟಿಯಿಂದಲೂ ಮುಗಿಯುವಂಥದ್ದಲ್ಲ.

ಮುಂಬೈ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯ ಕ್ರಮ ಇಲ್ಲಿ ಗಮನಾರ್ಹ. ಲಿನಕ್ಸ್, ಲಿಬ್ರೆ ಆಫೀಸ್ ಮೊದಲಾದವುಗಳ ಬಗ್ಗೆ ಸುಮಾರು 10 ನಿಮಿಷದ ಪಾಠಗಳನ್ನು ಅದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಕೊಡುತ್ತದೆ. ಅಲ್ಲಿ ಪಾಠದ ಬರಹವನ್ನು ವಿಷಯತಜ್ಞರಲ್ಲದೆ, ವಿಷಯ ತಿಳಿಯದ ಹೊಸಬರೂ ಓದಿ ನೋಡಬೇಕೆಂಬ ನಿಯಮವಿದೆ. ಎಂಜಿನಿಯರನಿಗೆ ಹೊಳೆಯದ ತೊಡಕು ಹೊಸಬನಿಗೆ ಮೊದಲ ಸಾಲಿನಲ್ಲೇ ಎದುರಾಗುತ್ತದೆ. ಈ ಲೆಕ್ಕದಲ್ಲಿ ಹಳ್ಳಿಯ ಪ್ರೌಢಶಾಲೆಯ ಕನ್ನಡ ಮೇಷ್ಟರು ಬೆಂಗಳೂರಿನ ಪ್ರೋಗ್ರಾಮರ್‌ಗಿಂತ ಹೆಚ್ಚು ಉಪಯುಕ್ತರಾಗಬಲ್ಲರು.

ನಿಜವಾದ ಕಷ್ಟ ಇರುವುದು ಬರೆದ ಮೇಲೆ. ಗ್ನೋಮ್‌ನ ಹೊಸ ಆವೃತ್ತಿ ಆರು ತಿಂಗಳಿಗೊಮ್ಮೆ ಬರುತ್ತದೆ. ಮೂಲ ವಾಕ್ಯ ಬದಲಾದರೆ ಹಳೆಯ ಅನುವಾದ ‘ಅಸ್ಪಷ್ಟ’ವೆಂದು ಗುರುತಾಗಿ, ಯಾರಾದರೂ ಮತ್ತೆ ನೋಡುವವರೆಗೆ ಅಲ್ಲಿ ಇಂಗ್ಲಿಷೇ ಕಾಣುತ್ತದೆ. ಕೆರೆಗೆ ಹೂಳು ತುಂಬಿದ ಹಾಗೆ, ಒಂದು ವರ್ಷ ಕೈಬಿಟ್ಟರೂ ಸಾಕು. ಇಬ್ಬರು ಮೂವರನ್ನೇ ನಂಬಿದ ತಂಡದಲ್ಲಿ ಒಬ್ಬರಿಗೆ ನೌಕರಿ ಬದಲಾದರೆ ಇಡೀ ಭಾಷೆಯ ಕೆಲಸ ಹಿಂದೆ ಬೀಳುತ್ತದೆ.

ಸೇರಬಯಸುವವರಿಗೆ ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ಗ್ನೋಮ್‌ನಲ್ಲಾದರೆ ಕನ್ನಡ ತಂಡಕ್ಕೆ ಸೇರಿ, ಒಂದು ಕಡತವನ್ನು ತಮ್ಮ ಹೆಸರಿಗೆ ಕಾಯ್ದಿರಿಸಿಕೊಂಡು, ಇಂಗ್ಲಿಷ್ ವಾಕ್ಯದ ಕೆಳಗೆ ಕನ್ನಡ ವಾಕ್ಯ ಬರೆದು ಕಳುಹಿಸಬೇಕು. ತಂಡದ ಇನ್ನೊಬ್ಬರು ಅದನ್ನು ಓದಿ ತಿದ್ದುತ್ತಾರೆ. ಸಂಯೋಜಕರು ಒಪ್ಪಿದ ಮೇಲೆ ಮುಂದಿನ ಆವೃತ್ತಿಗೆ ಸೇರುತ್ತದೆ.