ಮುಳ್ಳು ಮತ್ತು ತುರಿಕೆಯ ಕಳೆಗಳು

ಮುಳಬಾಗಿಲು ತಾಲ್ಲೂಕಿನ ಆವನಿಯಂತಹ ಬಯಲುಸೀಮೆಯ ತೋಟಗಳಲ್ಲಿ ಕೈಗೆ ನೋವುಂಟುಮಾಡುವ ಕಳೆಗಳನ್ನು, ಅವು ನೋಯಿಸುವ ಬಗೆಯನ್ನು ಅರಿತೇ ಕೀಳಬೇಕು. ನೆಲಕ್ಕೆ ಅಂಟಿಕೊಂಡು ಹರಡುವ ನೆಗ್ಗಿಲಿನ ಕಾಯಿ ಒಣಗಿದಾಗ ಐದು ಹೋಳುಗಳಾಗಿ ಒಡೆದು, ಗಟ್ಟಿ ಮುಳ್ಳುಗಳಿಂದ ಚಪ್ಪಲಿಗೆ ಚುಚ್ಚಿಕೊಂಡು ಬೀಜವನ್ನು ಬೇರೆ ಹೊಲಕ್ಕೆ ಸಾಗಿಸುವುದರಿಂದ, ಹಳದಿ ಹೂವು ಕಾಯಿಕಟ್ಟುವ ಮೊದಲೇ ಅದನ್ನು ತಾಯಿಬೇರು ಸಹಿತ ಕಿತ್ತುಹಾಕುವುದು ಲೇಸು. ಮುರಿದರೆ ಹಳದಿ ರಸ ಒಸರುವ, ಮೆಕ್ಸಿಕೋ ಮೂಲದ ಮುಳ್ಳೆಲೆಯ ದತ್ತೂರಿಯ, ಅಂದರೆ ಆರ್ಜಿಮೋನ್ ಗಿಡದ, ಬೀಜ ಸಾಸಿವೆಯಂತೆಯೇ ಕಾಣುತ್ತದೆ. ಅದರ ಎಣ್ಣೆ ಅಡುಗೆಯೆಣ್ಣೆಯಲ್ಲಿ ಬೆರೆತರೆ ಡ್ರಾಪ್ಸಿ ಎಂಬ ಮೈ ಊದುವ ಕಾಯಿಲೆ ಬರುತ್ತದೆ. ಬೇಲಿಗೆ ಹಬ್ಬುವ ತುರಚೆಯ ರೋಮದ ತುದಿಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳಿದ್ದು, ಅದು ಚರ್ಮಕ್ಕೆ ನಾಟಿ ಉರಿಯೆಬ್ಬಿಸುತ್ತದೆ. ಮಳೆ ಬಿದ್ದು ಮಣ್ಣು ಮೆತ್ತಗಾದಾಗ ದಪ್ಪ ಕೈಗವಸು ತೊಟ್ಟು ಇವನ್ನು ಬುಡಸಮೇತ ಕಿತ್ತರೆ ಕೆಲಸ ಹಗುರವಾಗುತ್ತದೆ, ಬರಿಗಾಲಿನಲ್ಲಿ ಆಡುವ ಮಕ್ಕಳಿಗೂ ತೋಟ ಸುರಕ್ಷಿತವಾಗುತ್ತದೆ.